ಹಬೆಯಲ್ಲಿ ಬೆಂದ ಹಲಗೆ

ನೂರು ಡಿಗ್ರಿ ಬಿಸಿಗಾಳಿ ತುಂಬಿದ ಓವನ್ನಿನೊಳಗೆ ಕೈಯಿಟ್ಟು ಕ್ಷಣಕಾಲ ತಡೆದುಕೊಳ್ಳಬಹುದು. ಹೆಚ್ಚುಕಡಿಮೆ ಅಷ್ಟೇ ಉಷ್ಣತೆಯ ಇಡ್ಲಿ ಪಾತ್ರೆಯ ಹಬೆ ತಾಗಿದರೆ ಬೊಬ್ಬೆಯೇಳುತ್ತದೆ. ಒಂದು ಗ್ರಾಂ ಹಬೆ ತಣ್ಣಗಿನ ಮೇಲ್ಮೈಯನ್ನು ಮುಟ್ಟಿ ನೀರಾಗುವಾಗ ಸುಮಾರು 2,257 ಜೂಲ್ ಶಾಖವನ್ನು ಅಲ್ಲೇ ಬಿಟ್ಟುಕೊಡುತ್ತದೆ. ಆ ನೀರು ಬಳಿಕ 100 ಡಿಗ್ರಿಯಿಂದ 30 ಡಿಗ್ರಿಗೆ ತಣಿಯುವಾಗ ಕೊಡುವುದು 300 ಜೂಲಿಗೂ ಕಡಿಮೆ. ಮರವನ್ನು ಬಗ್ಗಿಸಲು ಬಳಸುವ ಹಬೆಪೆಟ್ಟಿಗೆ ಉದ್ದನೆಯ ಇಡ್ಲಿ ಪಾತ್ರೆಯಲ್ಲದೆ ಬೇರೇನಲ್ಲ. ಅದು ದುಡಿಯುವುದು ಒತ್ತಡದಿಂದಲ್ಲ, ಹೀಗೆ ನೀರಾಗುವ ಹಬೆ ಬಿಟ್ಟುಕೊಡುವ ಶಾಖದಿಂದ.

ಹಬೆಯು ಮರವನ್ನು ನೆನೆಸಿ ಮೆತ್ತಗಾಗಿಸುತ್ತದೆ ಎಂಬ ತಿಳಿವಳಿಕೆ ಸಾಮಾನ್ಯವಾಗಿದೆ. ವಾಸ್ತವದಲ್ಲಿ ಮೆತ್ತಗಾಗಿಸುವುದು ಕಾವು. ಮರದೊಳಗೆ ಮೊದಲೇ ಇರುವ ತೇವವು ಆರಿಹೋಗದಂತೆ ಕಾಯುವುದು ಹಬೆಯ ಎರಡನೆಯ ಕೆಲಸ. ಮರವೆಂದರೆ ಸೆಲ್ಯುಲೋಸಿನ ಗಟ್ಟಿ ನಾರುಗಳನ್ನು ಲಿಗ್ನಿನ್ ಮತ್ತು ಹೆಮಿಸೆಲ್ಯುಲೋಸ್ ಎಂಬ ಅಂಟುಗಳು ಹಿಡಿದಿಟ್ಟ ಕಟ್ಟಡ. ಪೂರ್ತಿ ಒಣಗಿದ ಮರದಲ್ಲಿ ಲಿಗ್ನಿನ್ ಸಡಿಲಗೊಳ್ಳಲು 130 ಡಿಗ್ರಿಗೂ ಹೆಚ್ಚಿನ ಕಾವು ಬೇಕಾಗುತ್ತದೆ, ತೇವವಿರುವ ಮರದಲ್ಲಾದರೋ ಅದು 100 ಡಿಗ್ರಿಯೊಳಗೇ ಮಣಿಯುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುವುದಾದರೂ ಈ ಕೆಲಸಕ್ಕೆ ಅಷ್ಟು ಸಾಕು. ಆದರೆ ಮರದ ತೂಕದಲ್ಲಿ ಶೇಕಡಾ 20ರಿಂದ 25ರಷ್ಟು ನೀರಿನಂಶವಿದ್ದರೆ ಒಳ್ಳೆಯದು. ಒಲೆಗೂಡಿನಲ್ಲಿ ಒಣಗಿಸಿ ಮಾರುವ ಹಲಗೆಯಲ್ಲಿ ಅದು ಸಾಮಾನ್ಯವಾಗಿ ಅದರ ಅರ್ಧದಷ್ಟೂ ಇರುವುದಿಲ್ಲ, ಮತ್ತು ಒಂದು ರಾತ್ರಿ ತೊಟ್ಟಿಯಲ್ಲಿ ಮುಳುಗಿಸಿಟ್ಟರೂ ನೀರು ಮೇಲ್ಪದರವನ್ನು ದಾಟಿ ಹೆಚ್ಚು ಒಳಗಿಳಿಯುವುದಿಲ್ಲ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಗೆ, ಹಸಿತನ ಉಳಿದಿದ್ದರೆ ಬಗ್ಗೀತು ಎಂದು ಉತ್ತರಿಸಬಹುದು.

ಪೆಟ್ಟಿಗೆ ದೊಡ್ಡದಾಗಿರಬೇಕಿಲ್ಲ. ಒಂದೂವರೆ ಮೀಟರ್ ಉದ್ದ, 15 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರದ ಪೆಟ್ಟಿಗೆಯಲ್ಲಿ ಹಿಡಿಯುವುದು ಸುಮಾರು 34 ಲೀಟರ್. ಅದನ್ನು ತುಂಬಲು ಲೆಕ್ಕಪ್ರಕಾರ 20 ಗ್ರಾಂ ನೀರಿನ ಹಬೆ ಸಾಕು. ಎರಡು ಕಿಲೋವ್ಯಾಟ್ ಶಾಖ ನೀರಿಗೆ ತಲುಪಿದರೆ ಅಷ್ಟು ಹಬೆ ಅರ್ಧ ನಿಮಿಷದಲ್ಲಿ ಏಳುತ್ತದೆ. ಆದರೂ ಪೆಟ್ಟಿಗೆ ಕಾಯಲು ಹತ್ತು ಹದಿನೈದು ನಿಮಿಷ ಹಿಡಿಯುವುದೇಕೆಂದರೆ, ಮೊದಮೊದಲು ಬರುವ ಹಬೆಯನ್ನೆಲ್ಲ ಪೆಟ್ಟಿಗೆಯ ಗೋಡೆಗಳೇ ನುಂಗಿ ನೀರಾಗಿಸುತ್ತವೆ. ಆದ್ದರಿಂದ ಗೋಡೆಗಳ ಹೊರಮೈಗೆ ಹಳೆಯ ಕಂಬಳಿ ಸುತ್ತುವುದು ಒಲೆಯ ಉರಿ ಹೆಚ್ಚಿಸುವುದಕ್ಕಿಂತ ಜಾಣತನ. ಇದೇ ಕಾರಣಕ್ಕೆ ಥರ್ಮಾಮೀಟರನ್ನು ಹಬೆ ಒಳಬರುವಲ್ಲಿ ಸಿಕ್ಕಿಸದೆ ದೂರದ ತುದಿಯಲ್ಲಿಡಬೇಕು. ಅಲ್ಲಿ 95 ಡಿಗ್ರಿ ದಾಟಿದ ಮೇಲಷ್ಟೇ, 25 ಮಿಲಿಮೀಟರ್ ದಪ್ಪಕ್ಕೆ ಒಂದು ಗಂಟೆ ಎಂಬ ಬಡಗಿಗಳ ಲೆಕ್ಕವನ್ನು ಶುರುಮಾಡಬೇಕು.

ಅಗ್ಗದ ಪ್ಲೈವುಡ್ಡಿನ ಅಂಟು ಹಬೆಗೆ ಬಿಟ್ಟುಕೊಳ್ಳುವುದರಿಂದ ಪೆಟ್ಟಿಗೆ ಕಟ್ಟಲು ಕುದಿನೀರನ್ನು ತಾಳುವ ಬಿಡಬ್ಲ್ಯುಪಿ ದರ್ಜೆಯದನ್ನೇ ಬಳಸಬೇಕು. ಪಿವಿಸಿ ಕೊಳವೆ ಕೈಗೆ ಸುಲಭವಾಗಿ ಸಿಗುತ್ತದೆಯಾದರೂ ಸುಮಾರು 80 ಡಿಗ್ರಿಗೇ ಮೆತ್ತಗಾಗಿ, ಒಳಗಿನ ಮರಕ್ಕಿಂತ ಮೊದಲು ತಾನೇ ಬಾಗುತ್ತದೆ. ಮರದ ಸುತ್ತಲೂ ಹಬೆಯಾಡಲು ಅದನ್ನು ಅಡ್ಡಗೂಟಗಳ ಮೇಲೆ ಎತ್ತಿಡಬೇಕು. ಗೂಟಗಳು ಮರದವೇ ಆಗಿರಲಿ, ಏಕೆಂದರೆ ಕಬ್ಬಿಣವು ಮರದ ಟ್ಯಾನಿನ್ನಿನೊಡನೆ ಸೇರಿ ಮಸಿಯಂಥ ಕಲೆ ಮಾಡುತ್ತದೆ. ಪೆಟ್ಟಿಗೆಯನ್ನು ತುಸು ಓರೆಯಾಗಿಟ್ಟು, ತಗ್ಗಿನ ತುದಿಯಲ್ಲಿ ನೀರು ಇಳಿಯಲೂ ಹಬೆ ಹೊರಹೋಗಲೂ ಎಂದಿಗೂ ಮುಚ್ಚಿಕೊಳ್ಳದ ತೂತು ಬಿಡಬೇಕು. ಪ್ರೆಶರ್ ಕುಕ್ಕರಿನ ವೆಯ್ಟ್ ತೆಗೆದು ಆ ಜಾಗಕ್ಕೆ ರಬ್ಬರ್ ಕೊಳವೆ ಸಿಕ್ಕಿಸುವ ಉಪಾಯ ಹಲವರಿಗೆ ಹೊಳೆಯುತ್ತದೆ. ಬಿಸಿಗೆ ಮೆದುವಾದ ಕೊಳವೆ ಒಮ್ಮೆ ಮಡಿಸಿಕೊಂಡಿತೆಂದರೆ ಅಡುಗೆಮನೆಯಲ್ಲಿ ಬಾಂಬು ಇಟ್ಟುಕೊಂಡಂತೆ. ಸಡಿಲ ಮುಚ್ಚಳದ ಡಬ್ಬಿಯೇ ಲೇಸು.

ಪೆಟ್ಟಿಗೆ ಎಷ್ಟೇ ಚೆನ್ನಾಗಿದ್ದರೂ ಮರ ಮುರಿಯುವುದು ಬಗ್ಗಿಸುವ ಗಳಿಗೆಯಲ್ಲಿ. ಹಬೆಯಲ್ಲಿ ಬೆಂದ ಒಳ್ಳೆಯ ಮರವನ್ನು ಉದ್ದಕ್ಕೆ ಶೇಕಡಾ 25ಕ್ಕೂ ಹೆಚ್ಚು ಕುಗ್ಗಿಸಬಹುದು, ಆದರೆ ಹಿಗ್ಗಿಸಲು ಸಾಧ್ಯವಾಗುವುದು ಶೇಕಡಾ ಒಂದೆರಡರಷ್ಟು ಮಾತ್ರ. 25 ಮಿಲಿಮೀಟರ್ ದಪ್ಪದ ರೀಪನ್ನು 30 ಸೆಂಟಿಮೀಟರ್ ತ್ರಿಜ್ಯದ ಅಚ್ಚಿಗೆ ಸುಮ್ಮನೆ ಬಗ್ಗಿಸಿದರೆ ಹೊರಮೈ ಶೇಕಡಾ 4ರಷ್ಟು ಹಿಗ್ಗಬೇಕಾಗಿ ಬಂದು ನಾರುಗಳು ಕಿತ್ತುಬರುತ್ತವೆ. ಜರ್ಮನಿಯ ಬೊಪ್ಪಾರ್ಡ್‌ನಲ್ಲಿ 1796ರಲ್ಲಿ ಹುಟ್ಟಿ, ಮುಂದೆ ವಿಯೆನ್ನಾದಲ್ಲಿ ನೆಲೆಸಿದ ಬಡಗಿ ಮಿಖಾಯೆಲ್ ಥೋನೆಟ್ ಇದಕ್ಕೆ ಬಳಸಿದ ಉಪಾಯ ಅತ್ಯಂತ ಸರಳ. ಹೊರಮೈಗೆ ಲೋಹದ ಪಟ್ಟಿಯನ್ನಿಟ್ಟು, ಅದರ ಎರಡು ತುದಿಗಳಲ್ಲಿ ಮರ ಜಾರದಂತೆ ತಡೆ ಕೊಟ್ಟರೆ, ಎಳೆತವನ್ನು ಪಟ್ಟಿ ಹೊರುತ್ತದೆ. ಮರದ ಪಾಲಿಗೆ ಉಳಿಯುವುದು ಒಳಮೈಯ ಸುಮಾರು ಶೇಕಡಾ 8ರ ಕುಗ್ಗುವಿಕೆ ಮಾತ್ರ, ಅದು ಮರಕ್ಕೆ ಲೆಕ್ಕಕ್ಕಿಲ್ಲ. ಹೀಗೆ ಬಗ್ಗಿಸಿದ ಬೀಚ್ ಮರದಿಂದ 1859ರಲ್ಲಿ ಬಂದ ಅವನ 14ನೇ ನಂಬರಿನ ಕುರ್ಚಿಯಲ್ಲಿ ಇದ್ದದ್ದು ಆರು ಮರದ ತುಂಡುಗಳು. ಬಿಡಿಸಿದ 36 ಕುರ್ಚಿಗಳು ಒಂದು ಘನಮೀಟರ್ ಪೆಟ್ಟಿಗೆಯಲ್ಲಿ ಹಿಡಿಸುತ್ತಿದ್ದವು.

ನಮ್ಮ ದೇಶದಲ್ಲಿ ಹಾಕಿ ಕೋಲಿನ ಕೊಕ್ಕೆ ಬಗ್ಗಿಸಲು ಹೆಸರಾದದ್ದು ಹಿಪ್ಪುನೇರಳೆ. ರಾಮನಗರದ ಸುತ್ತ ರೇಷ್ಮೆಹುಳುವಿಗೆಂದು ಅದನ್ನು ಸವರುತ್ತಲೇ ಇರುವುದರಿಂದ ಹಲಗೆಯಾಗುವಷ್ಟು ಬೆಳೆದದ್ದು ಅಲ್ಲಿ ಅಪರೂಪ. ಜಾತಿ ಯಾವುದಾದರೂ ಗಂಟಿಲ್ಲದ, ನಾರು ತುದಿಯಿಂದ ತುದಿಗೆ ನೇರವಾಗಿ ಓಡಿದ ತುಂಡು ಬೇಕು.

ಪೆಟ್ಟಿಗೆಯಿಂದ ತೆಗೆದ ಮೇಲೆ ಸಿಗುವ ಸಮಯ ಒಂದು ನಿಮಿಷಕ್ಕೂ ಕಡಿಮೆಯಾದ್ದರಿಂದ ಅಚ್ಚು, ಕ್ಲ್ಯಾಂಪ್, ದಪ್ಪ ಒಣಗಿದ ಕೈಗವಸು ಎಲ್ಲವೂ ಮೊದಲೇ ಸಿದ್ಧವಿರಬೇಕು. ಬಗ್ಗಿದ ಮರವನ್ನು ಅಚ್ಚಿನಲ್ಲೇ ಕೆಲವು ದಿನ ಆರಲು ಬಿಟ್ಟರೂ, ಬಿಡಿಸಿದಾಗ ಅದು ತುಸು ಬಿಚ್ಚಿಕೊಳ್ಳುತ್ತದೆ. ಅಚ್ಚಿನ ಬಾಗು ಬೇಕಾದುದಕ್ಕಿಂತ ಸ್ವಲ್ಪ ಹೆಚ್ಚಿರಲಿ. ಆಕಾರ ತೀರಾ ತಪ್ಪಿದ ತುಂಡನ್ನು ಎಸೆಯಬೇಕಿಲ್ಲ: ಅಚ್ಚಿಲ್ಲದೆ ಮತ್ತೆ ಹಬೆಗಿಟ್ಟರೆ, ಕುಗ್ಗಿದ ನಾರುಗಳು ಸಡಿಲಗೊಂಡು ಅದು ತಾನಾಗಿಯೇ ಒಂದಷ್ಟು ನೆಟ್ಟಗಾಗುತ್ತದೆ.