ಗಾಡಿಯಿಂದ ಇಳಿಯುವವರು ನಾಲ್ಕೇ ಜನ

ತಾಲ್ಲೂಕು ಅಗ್ನಿಶಾಮಕ ಠಾಣೆಯಲ್ಲಿ ಸಿಬ್ಬಂದಿ ಕೊರತೆ ಎಂದ ಕೂಡಲೇ ಮಂಜೂರಾದ ಹುದ್ದೆ ಎಷ್ಟು, ಖಾಲಿ ಎಷ್ಟು ಎಂಬ ಪ್ರಶ್ನೆ ಬರುತ್ತದೆ. ಆ ಲೆಕ್ಕ ಕಚೇರಿಯ ಕಡತಕ್ಕೆ ಬೇಕು. ಬೆಂಕಿಯ ಮುಂದೆ ಬೇಕಾದ ಲೆಕ್ಕವೇ ಬೇರೆ: ರಾತ್ರಿ ಎರಡಕ್ಕೆ ಕರೆ ಬಂದರೆ ಜಲವಾಹನದಿಂದ ಕೆಳಗೆ ಇಳಿಯುವವರು ಎಷ್ಟು ಜನ?

ಇಳಿಯಬೇಕಾದವರು ಆರು ಜನ. ಚಾಲಕ ಸ್ಥಳ ಮುಟ್ಟಿದ ಮೇಲೆ ಪಂಪ್ ನಡೆಸುವವನಾಗುತ್ತಾನೆ, ಪಂಪಿನ ನಿಯಂತ್ರಣ ಪ್ಯಾನೆಲ್ ಬಿಟ್ಟು ಕದಲುವಂತಿಲ್ಲ. ತಂಡದ ಮುಖ್ಯಸ್ಥ ಇಡೀ ಸ್ಥಳದ ಮೇಲೆ ಕಣ್ಣಿಟ್ಟಿರಬೇಕು. ಇಬ್ಬರು ಬ್ರಾಂಚ್, ಅಂದರೆ ಹೋಸಿನ ತುದಿಯ ನೀರು ಚಿಮ್ಮುವ ಲೋಹದ ಕೊಳವೆ ಹಿಡಿಯುವವರು. ಉಳಿದಿಬ್ಬರು ಹೋಸ್ ಹಾಸಬೇಕು, ಏಣಿ ಹಾಕಬೇಕು, ಬಾಗಿಲು ಒಡೆಯಬೇಕು, ಒಳಗೆ ಸಿಕ್ಕವರನ್ನು ಹೊರತರಬೇಕು. ನಾಲ್ಕೇ ಜನ ಬಂದರೆ ಈ ಕೊನೆಯ ಇಬ್ಬರ ಕೆಲಸವನ್ನು ಯಾರೂ ಮಾಡುವುದಿಲ್ಲ. ಇಲ್ಲವೇ ಮುಖ್ಯಸ್ಥ ತಾನೇ ಹೋಸ್ ಎಳೆಯಲು ಇಳಿಯುತ್ತಾನೆ. ಎರಡನೆಯದು ಹೆಚ್ಚು ಅಪಾಯ. ಗೋಡೆ ಬಿರುಕು ಬಿಡುತ್ತಿರುವುದನ್ನು, ತಂತಿ ಜೋತುಬಿದ್ದಿರುವುದನ್ನು ನೋಡಲು ಆಗ ಯಾರೂ ಉಳಿದಿರುವುದಿಲ್ಲ.

ಒಂದು ಸೀಟು ವರ್ಷವಿಡೀ ಖಾಲಿ ಬೀಳದಂತೆ ನೋಡಿಕೊಳ್ಳಲು ಎಷ್ಟು ಜನ ಬೇಕು? ವರ್ಷಕ್ಕೆ 8,760 ಗಂಟೆ. ವಾರದ ರಜೆ 52, ಉಳಿದ ರಜೆಗಳು ಸುಮಾರು 40 ಎಂದು ಕಳೆದರೆ ಒಬ್ಬ ಕೆಲಸಕ್ಕೆ ಸಿಗುವುದು 273 ದಿನ. ಎಂಟು ಗಂಟೆಯ ಪಾಳಿಯಾದರೆ 2,184 ಗಂಟೆ. ಅಂದರೆ ಸೀಟಿಗೆ ನಾಲ್ವರು, ಆರು ಸೀಟಿಗೆ 24 ಜನ. ಹನ್ನೆರಡು ಗಂಟೆಯ ಪಾಳಿ ಮಾಡಿದರೂ 16 ಜನ ಬೇಕು. ಇದು ಒಂದೇ ಗಾಡಿಯ ಲೆಕ್ಕ. ತರಬೇತಿ, ನಿಯೋಜನೆ, ಹೆಲಿಪ್ಯಾಡ್ ಬಂದೋಬಸ್ತು, ಜಾತ್ರೆ, ಪಟಾಕಿ ಮಳಿಗೆ ಇವು ಯಾವುವೂ ಇದರಲ್ಲಿ ಸೇರಿಲ್ಲ. ಗಣ್ಯರ ಹೆಲಿಕಾಪ್ಟರ್ ಇಳಿಯುವ ದಿನ ತಾಲ್ಲೂಕಿನ ಏಕೈಕ ಗಾಡಿ ಅಲ್ಲಿ ನಿಂತಿರುತ್ತದೆ. ಆ ಹೊತ್ತಿಗೆ ಬಣವೆಗೆ ಬೆಂಕಿ ಬಿದ್ದರೆ ಪಕ್ಕದ ತಾಲ್ಲೂಕಿನಿಂದ ಗಾಡಿ ಬರಬೇಕು.

ಇದರಲ್ಲಿ ಮೊದಲು ಕುತ್ತಿಗೆಗೆ ಬರುವುದು ಚಾಲಕರ ಕೊರತೆ. ಅಗ್ನಿಶಾಮಕರಲ್ಲಿ ಇಬ್ಬರು ಕಡಿಮೆಯಾದರೂ ಗಾಡಿ ಹೊರಡುತ್ತದೆ. ಭಾರೀ ವಾಹನದ ಲೈಸೆನ್ಸೂ ಪಂಪಿನ ಅಭ್ಯಾಸವೂ ಇರುವವನಿಗೆ ಜ್ವರ ಬಂದರೆ ಗಾಡಿ ಶೆಡ್ಡಿನಲ್ಲೇ ನಿಲ್ಲುತ್ತದೆ. ರಾಜ್ಯಗಳ ಅಗ್ನಿಶಾಮಕ ಸೇವೆಯ ವಿಸ್ತರಣೆ, ಆಧುನೀಕರಣಕ್ಕೆಂದು ಕೇಂದ್ರ ಸರ್ಕಾರ 2023ರಲ್ಲಿ 5,000 ಕೋಟಿ ರೂಪಾಯಿಯ ಯೋಜನೆ ತಂದಿತು. ಒಳ್ಳೆಯದೇ. ಆದರೆ ಹೊಸ ಗಾಡಿ ಬರುವುದು ಚಾಲಕನಿಲ್ಲದೆ. ಅವನ ಸಂಬಳ ರಾಜ್ಯದ ಬೊಕ್ಕಸದಿಂದಲೇ ಹೋಗಬೇಕು.

ಇನ್ನು ದೂರ. ಗ್ರಾಮೀಣ ಭಾಗದಲ್ಲಿ 20 ನಿಮಿಷದೊಳಗೆ ಮೊದಲ ಗಾಡಿ ಮುಟ್ಟಬೇಕೆಂಬುದು ರಾಷ್ಟ್ರಮಟ್ಟದ ಅಗ್ನಿ ಸಲಹಾ ಸಮಿತಿ ಹಾಕಿಕೊಟ್ಟ ಮಾನದಂಡ. ಹಳ್ಳಿ ರಸ್ತೆಯಲ್ಲಿ ಸರಾಸರಿ ಗಂಟೆಗೆ 40 ಕಿ.ಮೀ. ವೇಗ ಸಿಕ್ಕಿದರೆ 20 ನಿಮಿಷಕ್ಕೆ ಹೋಗುವುದು 13 ಕಿ.ಮೀ. ಊರು 30 ಕಿ.ಮೀ. ಆಚೆ ಇದ್ದರೆ 45 ನಿಮಿಷ. ಗುಡಿಸಲು ಅಷ್ಟು ಹೊತ್ತು ಉಳಿಯುವುದಿಲ್ಲ. ಆದ್ದರಿಂದ ದೂರದ ಕರೆಗೆ ಹೊರಡುವಾಗ ತಂಡದ ಗುರಿಯೇ ಬದಲಾಗಬೇಕು: ಹೊತ್ತಿದ ಮನೆ ಹೋಯಿತು, ಪಕ್ಕದ ಮನೆ, ಕೊಟ್ಟಿಗೆ, ಬಣವೆ ಉಳಿಸುವುದು ಹೇಗೆ ಎಂದು. ಇದನ್ನು ಊರವರಿಗೆ ಬಾಯಿಬಿಟ್ಟು ಹೇಳುವುದು ಕಷ್ಟ, ಆದರೆ ಹೇಳಬೇಕು. ಉರಿಯುವ ಮನೆ ಬಿಟ್ಟು ಪಕ್ಕದ ಗೋಡೆಗೆ ನೀರು ಹೊಡೆಯುವುದು ಕಂಡರೆ ಜನ ರೊಚ್ಚಿಗೇಳುತ್ತಾರೆ.

ಈಗ ನೀರಿನ ಲೆಕ್ಕ. ಸಾಮಾನ್ಯ ಜಲವಾಹನದ ಟ್ಯಾಂಕು 4,500 ಲೀಟರ್. 20 ಮಿ.ಮೀ. ನಾಜಲ್‌ನಲ್ಲಿ 4 ಬಾರ್ ಒತ್ತಡ ಕೊಟ್ಟರೆ ನಿಮಿಷಕ್ಕೆ ಸುಮಾರು 530 ಲೀಟರ್ ಹೋಗುತ್ತದೆ, ಎಂಟೂವರೆ ನಿಮಿಷಕ್ಕೆ ಟ್ಯಾಂಕು ಬರಿದು. ಅದೇ ಒತ್ತಡದಲ್ಲಿ 12 ಮಿ.ಮೀ. ನಾಜಲ್ ನಿಮಿಷಕ್ಕೆ 190 ಲೀಟರ್ ಕುಡಿಯುತ್ತದೆ, 23 ನಿಮಿಷ ಬರುತ್ತದೆ. ಜನ ಕಡಿಮೆ ಇದ್ದಾಗ ಚಿಕ್ಕ ನಾಜಲ್ ಆರಿಸಲು ಇನ್ನೊಂದು ಕಾರಣವೂ ಇದೆ. 20 ಮಿ.ಮೀ. ನಾಜಲ್ ಹಿಡಿದವನನ್ನು ಸುಮಾರು 25 ಕೆ.ಜಿ. ಬಲದಿಂದ ಹಿಂದಕ್ಕೆ ತಳ್ಳುತ್ತದೆ, 12 ಮಿ.ಮೀ. ತಳ್ಳುವುದು 9 ಕೆ.ಜಿ.ಯಷ್ಟು. ಮೊದಲನೆಯದನ್ನು ಒಬ್ಬನೇ ಹಿಡಿದು ಓಡಾಡಲಾಗದು. ಬ್ರಾಂಚ್ ಕೈತಪ್ಪಿತೆಂದರೆ ಹೋಸ್ ಹಾವಿನಂತೆ ಹೊರಳಾಡಿ ಲೋಹದ ತುದಿ ಯಾರ ಕಾಲಿಗೋ ತಲೆಗೋ ಬಡಿಯುತ್ತದೆ. ಆಗ ಬ್ರಾಂಚಿನ ಬೆನ್ನಟ್ಟಬಾರದು, ಪಂಪಿನ ಡೆಲಿವರಿ ವಾಲ್ವ್ ಮುಚ್ಚಬೇಕು. ಪ್ಯಾನೆಲ್ ಬಿಟ್ಟು ಕದಲಬಾರದು ಎಂದು ಚಾಲಕನಿಗೆ ಹೇಳುವುದು ಇದಕ್ಕೇ.

ಗಾಡಿ ಗದ್ದೆಗೆ ಇಳಿಯದು, ಕೇರಿಯ ಓಣಿಗೆ ನುಗ್ಗದು. ಹೋಸ್ ಉದ್ದ ಹಾಸಿದರಾಯಿತು ಎಂದು ನೋಡುವವರಿಗೆ ಅನ್ನಿಸುತ್ತದೆ. 63 ಮಿ.ಮೀ. ವ್ಯಾಸದ 30 ಮೀಟರ್ ಹೋಸಿನೊಳಗೆ ನಿಲ್ಲುವ ನೀರೇ 93 ಲೀಟರ್. ಹತ್ತು ಹೋಸ್ ಜೋಡಿಸಿದರೆ 930 ಲೀಟರ್, ಟ್ಯಾಂಕಿನ ಐದನೇ ಒಂದು ಭಾಗ ಬೆಂಕಿ ಮುಟ್ಟುವ ಮೊದಲೇ ಹೋಸಿನಲ್ಲಿ ಕೂತಿತು. ನೀರು ತುಂಬಿದ ಮೇಲೆ ಒಂದೊಂದು ಹೋಸೂ ನೂರು ಕೆ.ಜಿ. ದಾಟುತ್ತದೆ, ಇಬ್ಬರು ಎಳೆದು ಜರುಗಿಸಲಾರರು. ಹಾಗಾಗಿ ಹೋಸನ್ನು ಒಣಗಿದ್ದಾಗಲೇ ಬೇಕಾದ ಜಾಗದವರೆಗೆ ಹಾಸಿ, ಕೊನೆಯ ಒಂದು ಹೋಸನ್ನು ಅಂಕುಡೊಂಕಾಗಿ ಸಡಿಲ ಬಿಟ್ಟು, ಬ್ರಾಂಚ್ ಕೈಗೆ ಬಂದ ಮೇಲಷ್ಟೇ ನೀರು ಬಿಡಿಸಬೇಕು.

ಮರುಪೂರಣಕ್ಕೆ ಕೆರೆ ಇದೆ ಎಂದು ನಂಬಿ ಹೊರಟರೆ ಕೆಟ್ಟಂತೆ. ಹೀರುಕೊಳವೆಯಲ್ಲಿ ನೀರು ಮೇಲೇರುವುದು ವಾತಾವರಣದ ಒತ್ತಡದಿಂದ. ಪುಸ್ತಕದ ಲೆಕ್ಕ 10 ಮೀಟರ್ ಎಂದರೂ ಕೆಲಸಕ್ಕೆ ಬರುವುದು ಆರೇಳು ಮೀಟರ್. ಒಂದು ವಾಷರ್ ಹರಿದಿದ್ದರೆ ಅದೂ ಇಲ್ಲ, ಕೊಳವೆಯ ಗಾಳಿ ಎಳೆದು ತೆಗೆಯುವ ಪ್ರೈಮರ್ ಎಷ್ಟು ಓಡಿಸಿದರೂ ಗಾಳಿಯೇ ಬರುತ್ತದೆ. ಹೂಳು ತುಂಬಿದ ಕೆರೆಯಲ್ಲಿ ಕೊಳವೆಯ ತುದಿಯ ಜರಡಿ ಕೆಸರಿಗೆ ಮುಳುಗುತ್ತದೆ, ಅಂತರಗಂಗೆ ಇದ್ದರೆ ಬೇರು ಸುತ್ತಿಕೊಳ್ಳುತ್ತದೆ. ಜರಡಿಯನ್ನು ಬಿದಿರ ಬುಟ್ಟಿಯೊಳಗಿಟ್ಟು, ಹಗ್ಗ ಕಟ್ಟಿ, ತಳ ಮುಟ್ಟದಂತೆ ತೇಲಿಬಿಡುವುದು ಹಳೆಯ ಉಪಾಯ, ಇಂದಿಗೂ ಅದಕ್ಕಿಂತ ಒಳ್ಳೆಯದಿಲ್ಲ. ಕೊಳವೆಬಾವಿಯನ್ನು ನೆಚ್ಚಿಕೊಂಡರೆ ಮೂರು ಫೇಸ್ ಕರೆಂಟು ಇರುವ ಹೊತ್ತಾಗಿರಬೇಕು. ನಮ್ಮ ಅಭಿಪ್ರಾಯದಲ್ಲಿ ಹಳ್ಳಿಗಾಡಿನ ನಿಜವಾದ ಎರಡನೇ ಜಲವಾಹನವೆಂದರೆ ಟ್ರ್ಯಾಕ್ಟರ್ ಟ್ಯಾಂಕರ್. ಪಂಚಾಯಿತಿವಾರು ಮಾಲೀಕರ ಫೋನ್ ನಂಬರು, ಟ್ಯಾಂಕಿನ ಅಳತೆ, ತೂಬಿನ ಪೈಪು ಎಷ್ಟು ಇಂಚು ಎಂಬುದು ಠಾಣೆಯ ಗೋಡೆಯ ಮೇಲಿರಬೇಕು. ಕರೆ ಬಂದಾಗಲೇ ಫೋನ್ ಮಾಡಬೇಕು, ಟ್ಯಾಂಕು ಖಾಲಿಯಾದ ಮೇಲಲ್ಲ.

ಹೊಗೆ ತುಂಬಿದ ಮನೆಯೊಳಗೆ ಹೋಗುವ ಮಾತಿಗೆ ಬರೋಣ. ಅಮೆರಿಕದಲ್ಲಿ 1998ರಿಂದ ಒಂದು ನಿಯಮವಿದೆ: ಒಳಗೆ ಇಬ್ಬರು ಹೋದರೆ, ಅವರನ್ನು ಹೊರಗೆಳೆಯಲು ಹೊರಗೆ ಇಬ್ಬರು ಸಜ್ಜಾಗಿ ನಿಂತಿರಬೇಕು. ಜೀವ ಉಳಿಸುವ ತುರ್ತಿಗೆ ಮಾತ್ರ ವಿನಾಯಿತಿ. ನಾಲ್ಕು ಜನರ ತಂಡದಲ್ಲಿ ಚಾಲಕ ಪಂಪಿಗೆ ಕಟ್ಟುಬಿದ್ದಿರುವುದರಿಂದ ಹೊರಗೆ ಉಳಿಯುವವನು ಒಬ್ಬನೇ. ಹಾಗಾದರೆ ಒಳಗೆ ಜನ ಇಲ್ಲವೆಂದು ಖಚಿತವಾದ ಮನೆಗೆ ನಾಲ್ವರ ತಂಡ ನುಗ್ಗಬಾರದು, ಕಿಟಕಿಯಿಂದ ನೀರು ಹೊಡೆಯಬೇಕು. ಉಸಿರಾಟದ ಸೆಟ್ ಬೆನ್ನಿಗಿದೆ ಎಂಬ ಧೈರ್ಯವೂ ಅಳತೆಯದೇ. 6 ಲೀಟರ್ ಸಿಲಿಂಡರಿನಲ್ಲಿ 300 ಬಾರ್ ತುಂಬಿದರೆ 1,800 ಲೀಟರ್ ಗಾಳಿ. ಸಾಧಾರಣ ಕೆಲಸಕ್ಕೆ ನಿಮಿಷಕ್ಕೆ 40 ಲೀಟರ್ ಎಂದು ಲೆಕ್ಕ ಹಾಕಿ 45 ನಿಮಿಷ ಎನ್ನುತ್ತಾರೆ. ಬೆದರಿ, ಭಾರ ಎಳೆಯುವವನು 60 ಲೀಟರ್ ಎಳೆಯುತ್ತಾನೆ. 50 ಬಾರ್‌ಗೆ ಸೀಟಿ ಊದುವುದನ್ನು ಮೀಸಲೆಂದು ಬಿಟ್ಟರೆ ಕೈಯಲ್ಲಿರುವುದು 25 ನಿಮಿಷ, ಹೋಗುವುದೂ ಬರುವುದೂ ಸೇರಿ. ಸಿಲಿಂಡರ್ ತುಂಬಿಸುವ ಕಂಪ್ರೆಸರ್ ಬೇರೆ ಊರಿನಲ್ಲಿದ್ದರೆ ಇನ್ನೊಂದು ರೋಗ ಅಂಟುತ್ತದೆ: ತುಂಬಿಸಲು ಕಳಿಸಬೇಕಲ್ಲ ಎಂಬ ಸಂಕೋಚಕ್ಕೆ ಅಭ್ಯಾಸದಲ್ಲಿ ಯಾರೂ ಸೆಟ್ ಹಾಕುವುದಿಲ್ಲ, ಮೊದಲ ಸಲ ಹಾಕುವುದೇ ಹೊಗೆಯಲ್ಲಿ.

ಬೆಂಕಿಗಿಂತ ಹೆಚ್ಚು ಎಚ್ಚರ ಬೇಕಾದದ್ದು ಗುಂಡಿಯ ಕರೆಗೆ. ಪಾಳುಬಾವಿ, ಶೌಚಗುಂಡಿ, ಉತ್ತರ ಕರ್ನಾಟಕದಲ್ಲಿ ಕಾಳು ತುಂಬಿಡುವ ನೆಲಗುಂಡಿಯಾದ ಹಗೇವು ಎಲ್ಲವೂ ಒಂದೇ ಜಾತಿ. ಹಗೇವಿನಲ್ಲಿ ಕಾಳು ಉಸಿರಾಡಿ ಆಮ್ಲಜನಕ ತಿಂದು ಇಂಗಾಲದ ಡೈಆಕ್ಸೈಡ್ ಬಿಟ್ಟಿರುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲೇ ಕೂರುತ್ತದೆ. ಬಾವಿಯೊಳಗೆ ಡೀಸೆಲ್ ಪಂಪ್ ಇಳಿಸಿ ಓಡಿಸಿದ್ದರೆ ಅಲ್ಲಿ ಇಂಗಾಲದ ಮಾನಾಕ್ಸೈಡ್. ಶೌಚಗುಂಡಿಯ ಹೈಡ್ರೋಜನ್ ಸಲ್ಫೈಡ್ ಕೊಳೆತ ಮೊಟ್ಟೆಯ ನಾತ ಹೊಡೆಯುತ್ತದೆ, ಆದರೆ ಪ್ರಮಾಣ ದಶಲಕ್ಷಕ್ಕೆ ನೂರು ಭಾಗ ಮುಟ್ಟಿತೆಂದರೆ ಮೂಗೇ ಸತ್ತುಹೋಗುತ್ತದೆ. ನಾತ ನಿಂತಿತು ಎಂದು ಇಳಿದವನು ಮೇಲೆ ಬರುವುದಿಲ್ಲ. ಇಕ್ಕಟ್ಟಾದ ಜಾಗಗಳಲ್ಲಿ ಸತ್ತವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಬೇರೆಯವರನ್ನು ಉಳಿಸಲು ಇಳಿದವರೇ ಎಂದು ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ಹಿಂದೆಯೇ ಲೆಕ್ಕ ಕೊಟ್ಟಿದೆ. ದೀಪ ಇಳಿಸಿ ನೋಡುವ ಹಳೆಯ ಪದ್ಧತಿ ಆಮ್ಲಜನಕ ತೀರಾ ಕಡಿಮೆ ಇದ್ದರೆ ತಿಳಿಸುತ್ತದೆ, ವಿಷಾನಿಲವನ್ನು ತಿಳಿಸುವುದಿಲ್ಲ. ಉರಿಯುವ ಅನಿಲವಿದ್ದರೆ ದೀಪವೇ ಸ್ಫೋಟಕ್ಕೆ ಕಿಡಿ. ಅನಿಲಮಾಪಕವನ್ನು ಹಗ್ಗಕ್ಕೆ ಕಟ್ಟಿ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ನಿಲ್ಲಿಸಿ ಓದಬೇಕು. ಆಮ್ಲಜನಕ ಶೇ. 19.5ಕ್ಕಿಂತ ಕಡಿಮೆ ತೋರಿಸಿದರೆ ಉಸಿರಾಟದ ಸೆಟ್ ಇಲ್ಲದೆ ಇಳಿಯುವ ಮಾತೇ ಇಲ್ಲ. ಇಳಿಯುವವನ ಮೈಗೆ ಹಾರ್ನೆಸ್, ಹಗ್ಗದ ಇನ್ನೊಂದು ತುದಿ ಮುಕ್ಕಾಲಿಯ ರಾಟೆಯಲ್ಲಿ, ಎಳೆಯಲು ಕನಿಷ್ಠ ಮೂವರು. ಊರವರ ತೋಳ್ಬಲವನ್ನು ಇಲ್ಲಿ ಧಾರಾಳವಾಗಿ ಬಳಸಬಹುದು, ಆದರೆ ಹಗ್ಗ ಹಿಡಿದ ಮೊದಲ ಕೈ ನಮ್ಮವರದೇ ಇರಲಿ.

ವಿದ್ಯುತ್ತಿನ ವಿಷಯದಲ್ಲಿ ಒಂದೇ ಮಾತು. ತಂತಿ ಹರಿದು ಬಿದ್ದಿದೆ, ಕರೆಂಟು ಹೋಗಿದೆ ಎಂದು ಯಾರು ಹೇಳಿದರೂ ನಂಬಬೇಡಿ. ಟ್ರಿಪ್ ಆದ ಫೀಡರನ್ನು ಸಬ್‌ಸ್ಟೇಷನ್ನಿನವರು ಪರೀಕ್ಷೆಗೆಂದು ಮತ್ತೆ ಚಾರ್ಜ್ ಮಾಡುವುದುಂಟು, ಸತ್ತ ತಂತಿ ಆ ಕ್ಷಣ ಬದುಕುತ್ತದೆ. ಲೈನ್‌ಮನ್ ಬಂದು ಜಿಒಎಸ್ (ಲೈನ್ ಕಡಿತಗೊಳಿಸುವ ಕಂಬದ ಮೇಲಿನ ಸ್ವಿಚ್) ತೆರೆದಿದ್ದೇನೆ ಎಂದು ಖುದ್ದಾಗಿ ಹೇಳುವವರೆಗೆ ಹತ್ತು ಮೀಟರ್ ದೂರ, ನೀರು ಬಂದ್. ಕಬ್ಬಿನ ಗದ್ದೆಯ ಬೆಂಕಿಯಲ್ಲಿ ಮೇಲೆ 11 ಕೆ.ವಿ. ಲೈನ್ ಹಾದಿದೆಯೇ ಎಂದು ನೋಡುವುದು ಮೊದಲ ಕೆಲಸ. ಎಷ್ಟೋ ಸಲ ಬೆಂಕಿ ಹುಟ್ಟಿದ್ದೇ ಆ ಲೈನಿನ ಕಿಡಿಯಿಂದ.

ಬಣವೆಯನ್ನು ನೀರಿನಿಂದಲೇ ಆರಿಸಲು ಹೋದರೆ ಮೂರು ಟ್ಯಾಂಕು ಸುರಿದರೂ ಮರುದಿನ ಮತ್ತೆ ಕರೆ ಬರುತ್ತದೆ. ಹುಲ್ಲು ಮೇಲೆ ನೆನೆದು ನೀರನ್ನು ಹೊರಕ್ಕೆ ಜಾರಿಸುತ್ತದೆ, ಕೆಂಡ ಒಳಗೆ ಹೊಗೆಯಾಡುತ್ತಿರುತ್ತದೆ. ಜೆಸಿಬಿ ತರಿಸಿ ಬಿಡಿಸಿ ಹರವಬೇಕು. ಯಾರೂ ಮೇಲೆ ಹತ್ತಬಾರದು. ಒಳಗೆ ಸುಟ್ಟು ಟೊಳ್ಳಾದ ಜಾಗಕ್ಕೆ ಕಾಲು ಕುಸಿದರೆ ಸೊಂಟದವರೆಗೆ ಕೆಂಡ.

ಗಾಡಿಯೇ ಇನ್ನೊಂದು ಅಪಾಯ. ತುಂಬಿದ ಟ್ಯಾಂಕು ನಾಲ್ಕೂವರೆ ಟನ್, ಅದಕ್ಕಿಂತ ಕೆಟ್ಟದ್ದು ಅರ್ಧ ತುಂಬಿದ ಟ್ಯಾಂಕು. ತಿರುವಿನಲ್ಲಿ ನೀರು ಒಂದು ಕಡೆಗೆ ಹೊಯ್ದಾಡಿ ಗಾಡಿಯನ್ನು ಮಗುಚುತ್ತದೆ. ಕರೆಯಿಂದ ವಾಪಸಾಗುವಾಗ ಪೂರ್ತಿ ತುಂಬಿಸಿ, ಇಲ್ಲವೇ ಪೂರ್ತಿ ಖಾಲಿ ಮಾಡಿ. ಓಡುವ ಗಾಡಿಯಲ್ಲಿ ನಿಂತು ಕೋಟು ತೊಡುವ ಚಾಳಿ ಬಿಡಿಸಲೇಬೇಕು. ಠಾಣೆಯಲ್ಲೇ ಒಂದು ನಿಮಿಷ ಹೆಚ್ಚು ತೆಗೆದುಕೊಂಡು, ತೊಟ್ಟು, ಬೆಲ್ಟ್ ಹಾಕಿ ಹೊರಟರೆ ನಷ್ಟವಿಲ್ಲ. ರಸ್ತೆ ಅಪಘಾತದ ಕರೆಯಾದರೆ ಗಾಡಿಯನ್ನು ಓರೆಯಾಗಿ, ಬರುವ ವಾಹನಗಳಿಗೆ ಅಡ್ಡವಾಗಿ ನಿಲ್ಲಿಸಬೇಕು, ಕೆಲಸ ಮಾಡುವವರು ಅದರ ಮರೆಯಲ್ಲಿರಬೇಕು.

ಮಸಿಯ ಕೋಟನ್ನು ಹೆಮ್ಮೆಯ ಗುರುತೆಂದು ತಿಳಿಯುವವರಿದ್ದಾರೆ. ಅಗ್ನಿಶಾಮಕ ವೃತ್ತಿಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2022ರಲ್ಲಿ ಸೇರಿಸಿತು. ಒಂದೇ ಕೋಟನ್ನು ಎರಡು ಪಾಳಿಯವರು ಹಂಚಿಕೊಳ್ಳುವ ಕಡೆ ಹಿಂದಿನವನ ಮಸಿ ಮುಂದಿನವನ ಕುತ್ತಿಗೆಗೆ ಮೆತ್ತುತ್ತದೆ. ಸ್ಥಳದಲ್ಲೇ ಹೋಸ್ ರೀಲಿನಿಂದ ತೊಳೆದು, ಗೋಣಿಚೀಲದಲ್ಲಿ ಕಟ್ಟಿ, ಕೂರುವ ಜಾಗದಿಂದ ಹೊರಗೆ ಇಟ್ಟು ತನ್ನಿ. ಕೈ, ಕತ್ತು, ಮುಖ ಸೋಪಿನಲ್ಲಿ ತೊಳೆಯದೆ ಬೀಡಿ, ಚಹಾ ಮುಟ್ಟಬಾರದು. ಕಲಬುರಗಿ, ರಾಯಚೂರಿನ ಏಪ್ರಿಲ್‌ನಲ್ಲಿ ಇಪ್ಪತ್ತು ನಿಮಿಷ ಕೋಟು ತೊಟ್ಟು ದುಡಿದವನನ್ನು ನೆರಳಿಗೆ ಕೂರಿಸಿ ನೀರು ಕೊಡಿಸಬೇಕು. ನಾಲ್ವರ ತಂಡದಲ್ಲಿ ಹಾಗೆ ಕೂರಿಸಲು ಬದಲಿ ಇರುವುದಿಲ್ಲ. ಕೊರತೆಯ ಬಿಸಿ ನೇರವಾಗಿ ಮೈಗೆ ತಟ್ಟುವುದು ಇಲ್ಲೇ.

ಬದಲಿ ಎಲ್ಲಿಂದ? ಗೃಹರಕ್ಷಕರು ಇದ್ದಾರೆ, 12 ದಿನದ ತರಬೇತಿ ಪಡೆದ ವಿಪತ್ತು ಸ್ವಯಂಸೇವಕರಾದ ಆಪದ ಮಿತ್ರರು ಇದ್ದಾರೆ. ಜನರನ್ನು ದೂರ ಸರಿಸಲು, ಟ್ಯಾಂಕರಿಗೆ ದಾರಿ ತೋರಲು, ಹೋಸ್ ಜೋಡಿಸಲು, ಹಗ್ಗ ಎಳೆಯಲು ಇವರು ಸಾಕು. ಬ್ರಾಂಚು, ಹೊಗೆ, ಗುಂಡಿ ಇವರ ಕೆಲಸವಲ್ಲ. ತಿಂಗಳಿಗೊಮ್ಮೆ ಠಾಣೆಯ ಕವಾಯತಿಗೆ ಕರೆದು, ಅದೇ ಹೋಸು, ಅದೇ ಕಪ್ಲಿಂಗು ಕೈಗೆ ಕೊಡದಿದ್ದರೆ ಕರೆಯ ರಾತ್ರಿ ಅವರೂ ನೋಡುಗರೇ.

ಇನ್ನೊಂದು ಕೆಲಸಕ್ಕೆ ಖರ್ಚಿಲ್ಲ. ಕರೆಗಳ ರಿಜಿಸ್ಟರಿನಲ್ಲಿ ಹೊರಟ ಸಮಯ, ಮುಟ್ಟಿದ ಸಮಯದ ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಕಾಲಂ ಗೆರೆ ಎಳೆಯಿರಿ: ಗಾಡಿಯಿಂದ ಇಳಿದವರು ಎಷ್ಟು. ಅದರ ಪಕ್ಕ ಇನ್ನೊಂದು: ಜನ ಸಾಲದೆ ಬಿಟ್ಟ ಕೆಲಸ ಯಾವುದು. ಹುದ್ದೆಗಾಗಿ ಮೇಲಕ್ಕೆ ಬರೆಯುವ ಪತ್ರಕ್ಕೆ ಆ ಎರಡು ಕಾಲಂಗಳ ಆರು ತಿಂಗಳ ಜೆರಾಕ್ಸ್ ಲಗತ್ತಿಸಿ.