ಎರಡು ತಟ್ಟೆ, ಒಂದು ಲಯ: ಡಿಜೆ ಕಸುಬಿನಲ್ಲಿ ಏನು ಬದಲಾಯಿತು?

ವಿನೈಲ್ (ಹಳೆಯ ರೆಕಾರ್ಡ್ ತಟ್ಟೆ) ಮೇಲೋ ಡಿಜಿಟಲ್ ಮೇಲೋ ಎಂಬ ಜಗಳ ಪಕ್ಕಕ್ಕಿರಲಿ. ಕಲಿಯುತ್ತಿರುವ ನಮಗೆ ಬೇಕಾದ ಪ್ರಶ್ನೆಯೇ ಬೇರೆ: ಕೆಲಸದ ಯಾವ ಪಾಲು ಯಂತ್ರಕ್ಕೆ ಹೋಯಿತು, ಯಾವ ಪಾಲು ಇನ್ನೂ ಕಿವಿಯಲ್ಲೇ ಇದೆ?

ಬೀಟ್‌ಮ್ಯಾಚಿಂಗ್‌ನಿಂದ ಶುರು ಮಾಡೋಣ. ಒಂದು ಹಾಡು ಜನಕ್ಕೆ ಕೇಳುತ್ತಿರುವಾಗಲೇ ಮುಂದಿನದನ್ನು ಹೆಡ್‌ಫೋನ್‌ನಲ್ಲಿ ಹಾಕಿಕೊಂಡು ಎರಡರ ಲಯ ಕೂಡಿಸುವುದು. 1960ರ ದಶಕದ ಕೊನೆಯಲ್ಲಿ ನ್ಯೂಯಾರ್ಕಿನ ಡಿಜೆ ಫ್ರಾನ್ಸಿಸ್ ಗ್ರಾಸೊ ಇದನ್ನು ರೂಢಿಗೆ ತಂದರು. ಇದಕ್ಕೆ ಹೇಳಿ ಮಾಡಿಸಿದಂತಿದ್ದ ರೆಕಾರ್ಡ್ ಪ್ಲೇಯರ್ 1972ರ ಟೆಕ್ನಿಕ್ಸ್ ಎಸ್‌ಎಲ್-1200. ಬೆಲ್ಟ್ ಇಲ್ಲ, ಮೋಟಾರೇ ನೇರವಾಗಿ ತಟ್ಟೆ ತಿರುಗಿಸುತ್ತದೆ. ಹಾಗಾಗಿ ಕೈಯಿಂದ ತಡೆದು ಬಿಟ್ಟರೂ ಕ್ಷಣದಲ್ಲಿ ವೇಗ ಹಿಡಿಯುತ್ತದೆ. 1979ರ ಎಂಕೆ2 ಮಾದರಿಯಲ್ಲಿ ಉದ್ದನೆಯ ಪಿಚ್ ಫೇಡರ್, ಅಂದರೆ ವೇಗ ಹೊಂದಿಸುವ ಜಾರುಗುಂಡಿ ಬಂತು: ವೇಗವನ್ನು ಶೇ. 8ರಷ್ಟು ಏರಿಸಬಹುದು, ಅಷ್ಟೇ ಇಳಿಸಬಹುದು.

ಲೆಕ್ಕ ಹಾಕಿ ನೋಡಿ. 120 ಬಿಪಿಎಂ (ನಿಮಿಷಕ್ಕೆ 120 ಬೀಟ್) ಹಾಡನ್ನು 126ಕ್ಕೆ ತರಲು ಶೇ. 5 ಏರಿಸಬೇಕು. ವಿನೈಲ್‌ನಲ್ಲಿ ಲಯ ಏರಿದರೆ ಶ್ರುತಿಯೂ ಏರುತ್ತದೆ, ಎರಡಕ್ಕೂ ಒಂದೇ ಹಗ್ಗ. ಸುಮಾರು ಶೇ. 6 ಏರಿಸಿದರೆ ಹಾಡು ಅರ್ಧ ಸ್ವರ ಮೇಲೆ ಹೋಗಿರುತ್ತದೆ, ಹಾಡುವವರ ದನಿ ಕೀರಲಾಗಿರುತ್ತದೆ. ಡಿಜಿಟಲ್ ಈ ಹಗ್ಗ ಬಿಚ್ಚಿತು. ಕೀ ಲಾಕ್ ಒತ್ತಿದರೆ ಲಯ ಬದಲಾದರೂ ಶ್ರುತಿ ಅಲ್ಲೇ ನಿಲ್ಲುತ್ತದೆ. ನನ್ನ ಮಟ್ಟಿಗೆ, ಎರಡು ಹಾಡಿನ ಲಯವನ್ನು ತಾನೇ ಕೂಡಿಸುವ ಸಿಂಕ್ ಬಟನ್‌ಗಿಂತ ದೊಡ್ಡ ಬದಲಾವಣೆ ಇದೇ, ಆದರೆ ಜಗಳವೆಲ್ಲ ಸಿಂಕ್ ಬಗ್ಗೆ.

ಈಗ ಕಷ್ಟದ ಭಾಗ. ಒಂದು ಹಾಡು 125, ಇನ್ನೊಂದು 125.1 ಎಂದಿಟ್ಟುಕೊಳ್ಳಿ. ಒಂದು ನಿಮಿಷದಲ್ಲಿ ಹತ್ತನೇ ಒಂದು ಬೀಟ್ ವ್ಯತ್ಯಾಸ, ಅಂದರೆ 48 ಮಿಲಿಸೆಕೆಂಡ್. ಸಂಖ್ಯೆ ಚಿಕ್ಕದು, ಕಿವಿಗೆ ಮಾತ್ರ ಎರಡು ಕಿಕ್‌ಗಳು (ದೊಡ್ಡ ಡ್ರಮ್ಮಿನ ಪೆಟ್ಟುಗಳು) ಒಂದರ ಹಿಂದೊಂದು ಬಿದ್ದು ಕುದುರೆ ಓಡಿದಂತೆ ಕೇಳುತ್ತದೆ. ನಾನು ವಾರಗಟ್ಟಲೆ ಒದ್ದಾಡಿದ್ದು ಕುದುರೆ ಕೇಳಿಸಲಿಲ್ಲ ಎಂದಲ್ಲ, ಯಾವ ಹಾಡು ಮುಂದೆ ಓಡುತ್ತಿದೆ ಎಂದು ತಿಳಿಯದೆ. ಉಪಾಯ ಸರಳ: ಹೆಡ್‌ಫೋನ್‌ನಲ್ಲಿ ಕೇಳುತ್ತಿರುವ ತಟ್ಟೆಯ ಅಂಚಿಗೆ ಬೆರಳು ತಾಗಿಸಿ ಒಂಚೂರು ನಿಧಾನಿಸಿ. ಗೊಂದಲ ಹೆಚ್ಚಿದರೆ ಅದು ಹಿಂದಿತ್ತು. ನಡುವಿನ ಲೇಬಲ್ ಮೇಲೆ ಬೆರಳಿಟ್ಟು ಮುಂದೆ ತಳ್ಳಿ. ಅದೇ ತಪ್ಪು ಮತ್ತೆ ಮತ್ತೆ ಬಂದರೆ ಮಾತ್ರ ಫೇಡರ್ ಮುಟ್ಟಿ.

ಕಣ್ಣಿಗೂ ಆಗ ಕೆಲಸವಿತ್ತು. ಹಿಪ್-ಹಾಪ್ ಡಿಜೆ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಟ್ಟೆಯ ಮೇಲೆ ಕ್ರೇಯಾನ್‌ನಿಂದ ಗುರುತು ಹಾಕಿ, ಗಡಿಯಾರದ ಮುಳ್ಳಿನ ಹಾಗೆ ಅದನ್ನು ನೋಡಿ ಬೇಕಾದ ಜಾಗಕ್ಕೆ ಹಿಂತಿರುಗಿಸುತ್ತಿದ್ದರು. 33⅓ ಆರ್‌ಪಿಎಂ (ನಿಮಿಷಕ್ಕೆ ಅಷ್ಟು ಸುತ್ತು) ಎಂದರೆ ಒಂದು ಸುತ್ತಿಗೆ 1.8 ಸೆಕೆಂಡ್. 133⅓ ಬಿಪಿಎಂ ಹಾಡಿನಲ್ಲಿ ನಾಲ್ಕು ಬೀಟ್‌ಗೂ ಸರಿಯಾಗಿ ಅಷ್ಟೇ: ಒಂದು ಸುತ್ತು, ಒಂದು ಆವರ್ತ. ಹಾಡಿನ ಬೇಕಾದ ಜಾಗಕ್ಕೆ ನೇರ ನೆಗೆಯಲು ಇಂದಿನ ಪರದೆಯಲ್ಲಿ ಹಾಕುವ ಗುರುತು, ಕ್ಯೂ ಪಾಯಿಂಟ್, ಆ ಕ್ರೇಯಾನ್ ಗೆರೆಯ ಮೊಮ್ಮಗು.

ನಡುವೆ ಬಂದದ್ದು ಟೈಮ್‌ಕೋಡ್ ತಟ್ಟೆ. 2004ರ ಸೆರಾಟೊ ಸ್ಕ್ರ್ಯಾಚ್ ಲೈವ್ ಎಂಬ ಸಾಫ್ಟ್‌ವೇರ್ ಇದರಲ್ಲಿ ಹೆಸರಾಯಿತು. ತಟ್ಟೆಯಲ್ಲಿ ಹಾಡಿಲ್ಲ, ಒಂದು ಸಂಕೇತದ ನಾದ ಮಾತ್ರ. ಅದರಿಂದ ಸಾಫ್ಟ್‌ವೇರ್ ವೇಗ, ದಿಕ್ಕು, ಮುಳ್ಳಿನ ಜಾಗ ತಿಳಿದು ಫೈಲನ್ನು ಹಾಗೆಯೇ ಆಡಿಸುತ್ತದೆ. ಪಯೋನಿಯರ್ 2001ರಲ್ಲಿ ಡಿಜೆಗಳ ಸಿಡಿ ಪ್ಲೇಯರ್ ಸಿಡಿಜೆ-1000, 2009ರಲ್ಲಿ ಯುಎಸ್‌ಬಿ ಓದುವ ಸಿಡಿಜೆ-2000 ತಂದಿತು. ರೆಕಾರ್ಡ್ ಪೆಟ್ಟಿಗೆ ಹೊರುವುದು ತಪ್ಪಿತು. ಜೊತೆಗೆ, ಹೊರಡುವ ಮುಂಚೆ ಎಂಬತ್ತೇ ರೆಕಾರ್ಡ್ ಆರಿಸುವ ಸಂಕಟವೂ ತಪ್ಪಿತು. ಆ ಸಂಕಟ ಒಳ್ಳೆಯದೇ ಇತ್ತು ಎಂದು ನನಗನ್ನಿಸುತ್ತದೆ. ಸಾವಿರಾರು ಫೈಲ್ ಇರುವವರು ಮನೆಯಲ್ಲೇ ಕೂತು ಗುಂಪು ಮಾಡಿಟ್ಟುಕೊಳ್ಳದಿದ್ದರೆ ಕತ್ತಲಲ್ಲಿ ಹೆಸರು ಹುಡುಕುತ್ತಲೇ ಇರಬೇಕು.

ಹಾಡಿನ ಕಟ್ಟಡವೂ ಅಲುಗಿತು. 12 ಇಂಚಿನ ರೆಕಾರ್ಡ್‌ಗಳಲ್ಲಿ ಆದಿ ಅಂತ್ಯಗಳಲ್ಲಿ ಬರಿಯ ಡ್ರಮ್ಸ್ ಬಿಡುತ್ತಿದ್ದದ್ದು ಡಿಜೆಗೆ ಬೆರೆಸಲು ಹೊತ್ತು ಸಿಗಲಿ ಎಂದು. ಈಗ ಯಾವ ನಾಲ್ಕು ಬೀಟನ್ನಾದರೂ ಲೂಪ್ ಹಾಕಿ, ಅಂದರೆ ಮತ್ತೆ ಮತ್ತೆ ಸುತ್ತಿಸಿ, ಆ ಹೊತ್ತನ್ನು ನಾವೇ ಮಾಡಿಕೊಳ್ಳಬಹುದು.

ಸಿಂಕ್ ಮೋಸವೇ? ಅಲ್ಲ. ಆದರೆ ಅದು ನಂಬುವುದು ಬೀಟ್‌ಗ್ರಿಡ್ಡನ್ನು, ಅಂದರೆ ಬೀಟ್ ಎಲ್ಲೆಲ್ಲಿ ಬೀಳುತ್ತದೆ ಎಂದು ಸಾಫ್ಟ್‌ವೇರ್ ಎಳೆದ ಗೆರೆಗಳನ್ನು, ಹಾಡನ್ನಲ್ಲ. 1970ರ ದಶಕದ ಡಿಸ್ಕೊ ಹಾಡು ಹಾಕಿ ನೋಡಿ. ಡ್ರಮ್ಸ್ ಬಾರಿಸಿದ್ದು ಮನುಷ್ಯ; ಉತ್ಸಾಹ ಬಂದ ಕಡೆ ಲಯ ಕೂದಲೆಳೆಯಷ್ಟು ಓಡುತ್ತದೆ, ಗ್ರಿಡ್ಡಿನ ಗೆರೆ ಕಿಕ್‌ನಿಂದ ಜಾರುತ್ತದೆ. ಪರದೆ ಇನ್ನೂ 118 ಎಂದೇ ತೋರಿಸುತ್ತಿರುತ್ತದೆ, ಕುದುರೆ ಓಡಲು ಶುರುವಾಗಿರುತ್ತದೆ. ಅಂಥ ಎರಡು ಹಾಡು ಆರಿಸಿ, ಪರದೆಯ ಮೇಲೊಂದು ಕಾಗದ ಅಂಟಿಸಿ, ಬೆರಳಿನಿಂದಲೇ ಎರಡು ನಿಮಿಷ ಕೂಡಿಸಿ ಹಿಡಿಯಲು ಪ್ರಯತ್ನಿಸಿ.