ನೀವು ಹಾಕಿದ ಹೆಡರ್ ಸರ್ವರ್‌ಗೆ ಹೋಗುತ್ತಿದೆಯಾ?

ಜಾವಾಸ್ಕ್ರಿಪ್ಟ್‌ನಲ್ಲಿ ಹೆಡರ್ (ಸರ್ವರ್‌ಗೆ ಕಳಿಸುವ ಕೋರಿಕೆಯ ಜೊತೆ ಹೋಗುವ ಮಾಹಿತಿಯ ಸಾಲು) ಹಾಕುವುದು ಒಂದೇ ಸಾಲಿನ ಕೆಲಸ. ಆದರೆ ಸಾಲು ಬರೆದ ಮಾತ್ರಕ್ಕೆ ಅದು ಸರ್ವರ್ ತಲುಪುತ್ತದೆ ಅಂತೇನಿಲ್ಲ. ಎಷ್ಟೋ ಸಲ ಬ್ರೌಸರ್ ಸದ್ದಿಲ್ಲದೆ ಅದನ್ನು ಕೈಬಿಡುತ್ತದೆ. ತಂಡದ ಹುಡುಗರು ನನ್ನ ಹತ್ತಿರ ತರುವ ಹೆಡರ್ ಸಮಸ್ಯೆಗಳಲ್ಲಿ ಜಾಸ್ತಿ ಹೊತ್ತು ತಿನ್ನುವುದು ಇದೇ.

ಹೋಸ್ಟ್, ಕುಕೀ, ಒರಿಜಿನ್ (ಕೋರಿಕೆ ಯಾವ ತಾಣದ ಪುಟದಿಂದ ಬಂತು ಅನ್ನುವುದು), ಕಂಟೆಂಟ್-ಲೆಂತ್, 'ಸೆಕ್-' ಅಂತ ಶುರುವಾಗುವ ಎಲ್ಲವೂ ಬ್ರೌಸರ್‌ನ ಹಿಡಿತದಲ್ಲೇ ಇರುತ್ತವೆ. ಕೋರಿಕೆ ಕಳಿಸುವ ಫೆಚ್ ಫಂಕ್ಷನ್‌ಗೆ ಕುಕೀ ಹೆಡರ್ ಕೊಟ್ಟು ನೋಡಿ. ಎರರ್ ಬರುವುದಿಲ್ಲ, ಕ್ಯಾಚ್ ಬ್ಲಾಕ್ ಓಡುವುದಿಲ್ಲ, ನೀವು ಕೊಟ್ಟ ಕುಕೀ ಮಾತ್ರ ಹೋಗಿರುವುದಿಲ್ಲ. ನಿಯಮ ಸರಿಯಾಗಿಯೇ ಇದೆ. ಯಾವುದೋ ಪುಟದ ಸ್ಕ್ರಿಪ್ಟ್ ತನ್ನ ಒರಿಜಿನ್ ಅನ್ನು ತಾನೇ ಬದಲಿಸುವಂತಿದ್ದರೆ ಸರ್ವರ್ ಯಾರನ್ನು ನಂಬಬೇಕು? ನನ್ನ ತಕರಾರು ಆ ಮೌನದ ಬಗ್ಗೆ.

ಇದಕ್ಕಿಂತ ಕಷ್ಟದ್ದು ಫೆಚ್‌ನ 'ನೋ-ಕಾರ್ಸ್' ಮೋಡ್. ಕಾರ್ಸ್ ಅಂದರೆ ಬೇರೆ ತಾಣದ ಪುಟ ತನ್ನ ಉತ್ತರವನ್ನು ಓದಬಹುದೇ ಅಂತ ಸರ್ವರ್ ಬ್ರೌಸರ್‌ಗೆ ತಿಳಿಸುವ ವ್ಯವಸ್ಥೆ. ಕಾರ್ಸ್ ಎರರ್ ಹೋದರೆ ಸಾಕು ಅಂತ ತುಂಬ ಜನ ಇದನ್ನು ಹಾಕುತ್ತಾರೆ. ಎರರ್ ಏನೋ ಹೋಗುತ್ತದೆ. ಜೊತೆಗೆ ನೀವು ಯಾರೆಂದು ಸರ್ವರ್‌ಗೆ ತೋರಿಸಲು ಹಾಕಿದ ಆಥರೈಸೇಷನ್ ಹೆಡರ್ ಕೂಡ ಮಾಯವಾಗುತ್ತದೆ. ಬಂದ ಉತ್ತರವನ್ನು ಕೋಡ್ ಓದಲೂ ಆಗುವುದಿಲ್ಲ. ಕಾರ್ಸ್ ಅನ್ನು ಸರ್ವರ್‌ನಲ್ಲೇ ಸರಿಮಾಡಬೇಕು, ಬೇರೆ ದಾರಿ ಹುಡುಕಬೇಡಿ.

ಕೋರಿಕೆ ಕಳಿಸಲು ಫೆಚ್ ಬದಲು ಹಳೆಯ ಎಕ್ಸ್‌ಎಂಎಲ್‌ಎಚ್‌ಟಿಟಿಪಿರಿಕ್ವೆಸ್ಟ್ ಇನ್ನೂ ಬಳಸುವವರಿಗೆ ಒಂದು ಮಾತು: ಒಂದೇ ಹೆಡರನ್ನು ಎರಡು ಸಲ ಸೆಟ್ ಮಾಡಿದರೆ ಹಳೆಯದು ಅಳಿಯುವುದಿಲ್ಲ. ಎರಡೂ ಮೌಲ್ಯಗಳು ಕಾಮಾ ಹಾಕಿಕೊಂಡು ಒಟ್ಟಿಗೆ ಹೋಗುತ್ತವೆ. ಆ ಮೆಥಡ್‌ನ ಹೆಸರಿನಲ್ಲಿ 'ಸೆಟ್' ಇದ್ದರೂ ನಡೆಯುವುದು ಸೇರಿಸುವ ಕೆಲಸ.

ಫೈಲ್ ಕಳಿಸುವಾಗ ಫಾರ್ಮ್‌ಡೇಟಾ (ಫಾರ್ಮಿನ ವಿವರ, ಫೈಲ್‌ಗಳನ್ನು ಕಟ್ಟಿಡುವ ಆಬ್ಜೆಕ್ಟ್) ಜೊತೆ ಕಂಟೆಂಟ್-ಟೈಪ್ ಹೆಡರ್ ಅನ್ನು ಸುಮ್ನೆ ಕೈಯಾರೆ ಬರೆಯಬೇಡಿ. ಬ್ರೌಸರ್ ತಾನೇ ಬರೆದರೆ ಭಾಗಗಳನ್ನು ಬೇರ್ಪಡಿಸುವ ಗುರುತಾದ ಬೌಂಡರಿಯನ್ನೂ ಸೇರಿಸುತ್ತದೆ. ನೀವು ಬರೆದರೆ ಅದು ಇರುವುದಿಲ್ಲ, ಸರ್ವರ್‌ಗೆ ಭಾಗಗಳು ಬಿಡಿಸಲು ಬರುವುದಿಲ್ಲ.

ಕನ್ನಡದ ಹೆಸರನ್ನು ಹೆಡರ್‌ನಲ್ಲಿ ಹಾಕಿದರೆ ಮಾತ್ರ ಬ್ರೌಸರ್ ಬಾಯಿಬಿಟ್ಟು ಹೇಳುತ್ತದೆ. 255ಕ್ಕಿಂತ ದೊಡ್ಡ ಕೋಡ್ ಇರುವ ಅಕ್ಷರ ಅಲ್ಲಿ ಸಲ್ಲುವುದಿಲ್ಲ, ಟೈಪ್‌ಎರರ್ ಬರುತ್ತದೆ. ಎನ್‌ಕೋಡ್‌ಯುಆರ್‌ಐಕಾಂಪೊನೆಂಟ್ ಫಂಕ್ಷನ್‌ನಿಂದ ಅದನ್ನು ಸಾದಾ ಇಂಗ್ಲಿಷ್ ಚಿಹ್ನೆಗಳಿಗೆ ಬದಲಿಸಿ ಕಳಿಸಿ, ಸರ್ವರ್‌ನಲ್ಲಿ ಡಿಕೋಡ್ ಮಾಡಿ.

ಇನ್ನು ಪರೀಕ್ಷೆ ಮಾಡುವ ಬಗೆ. ಹೆಡರ್ಸ್ ಆಬ್ಜೆಕ್ಟನ್ನು ಕನ್ಸೋಲ್‌ನಲ್ಲಿ ಪ್ರಿಂಟ್ ಮಾಡಿ ನಂಬಬೇಡಿ. ಬಿಡಿಯಾಗಿ ಮಾಡಿದ ಹೆಡರ್ಸ್‌ನಲ್ಲಿ ಕುಕೀ ಕೂಡ ಸಲೀಸಾಗಿ ಕೂರುತ್ತದೆ. ಅದನ್ನೇ ರಿಕ್ವೆಸ್ಟ್ ಆಬ್ಜೆಕ್ಟ್‌ಗೆ ಕೊಟ್ಟು, ಅದರ ಹೆಡರ್ಸ್‌ನಿಂದ ಓದಿ. ನಲ್ (ಏನೂ ಇಲ್ಲ ಅಂತ) ಬಂದರೆ ಬ್ರೌಸರ್ ಕಿತ್ತಿದೆ ಅಂತ ಕಳಿಸುವ ಮೊದಲೇ ತಿಳಿಯುತ್ತದೆ. ಕಳಿಸಿದ ಮೇಲೆ ಬ್ರೌಸರ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ಟ್ಯಾಬ್ ನೋಡಿ.